ಓದಿದರೆ ಗೊತ್ತಾಗುತ್ತೆ, ಕೇಳಿದರೆ ಗೊತ್ತಾಗಲ್ಲ: ಚೀನಾದ ಹುಡುಗಿಗೆ ಇಂಗ್ಲಿಷ್ ಪರೀಕ್ಷೆಯ ತಯಾರಿ

ಪ್ರಶ್ನೆ: ನಾನು ಶಿವಮೊಗ್ಗದವಳು. ಊರಲ್ಲಿ ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಯಜಮಾನರ ಕೆಲಸದ ಕಾರಣ ಈಗ ಚೀನಾದ ಜಿಯಾಂಗ್ಸು ಪ್ರಾಂತ್ಯದ ಸುಜೌ ನಗರದಲ್ಲಿದ್ದೇವೆ. ಎದುರು ಮನೆಯವರ ಮಗಳು ಇಲ್ಲಿನ ಹಿರಿಯ ಹೈಸ್ಕೂಲಿನಲ್ಲಿ ಎರಡನೇ ವರ್ಷ ಓದುತ್ತಿದ್ದಾಳೆ. ಬರುವ ವರ್ಷ ಜೂನ್‌ನಲ್ಲಿ ಅವಳಿಗೆ ಗಾವ್‌ಕಾವ್, ಅಂದರೆ ಕಾಲೇಜು ಪ್ರವೇಶ ಪರೀಕ್ಷೆ. ಇಂಗ್ಲಿಷ್ ಲಿಸನಿಂಗ್‌ನಲ್ಲಿ 30ಕ್ಕೆ 16.5, ರೀಡಿಂಗ್‌ನಲ್ಲಿ 50ಕ್ಕೆ 30 ಬರುತ್ತಿದೆ. ಪದಗಳ ಪಟ್ಟಿ ಪೂರ್ತಿ ಬಾಯಿಪಾಠ. ದಿನಕ್ಕೊಂದು ಪೇಪರ್ ಬಿಡಿಸುತ್ತಾಳೆ. ಆದರೂ ಅಂಕ ಅಲ್ಲೇ ನಿಂತಿದೆ. ಭಾನುವಾರ ಒಂದೆರಡು ಗಂಟೆ ಅವಳನ್ನು ಕೂರಿಸಿಕೊಳ್ಳಬಲ್ಲೆ. ಎಲ್ಲಿಂದ ಶುರು ಮಾಡಲಿ? ನನ್ನ ಉಚ್ಚಾರಣೆ ನಮ್ಮೂರಿನದು, ಅದರಿಂದ ಅವಳಿಗೆ ತೊಂದರೆ ಆಗುತ್ತಾ? ಅವಳ ತಾಯಿ ಫೀಸು ಕೊಡುತ್ತೇನೆ ಅಂತಿದ್ದಾರೆ, ತಗೋಬಹುದಾ?

ಉತ್ತರ: ಮೊದಲು ಆ ದಿನಕ್ಕೊಂದು ಪೇಪರ್ ನಿಲ್ಲಿಸಿ. ಶಾಲೆಯಲ್ಲಿ ಕೊಟ್ಟದ್ದನ್ನು ಅವಳು ಮಾಡಲೇಬೇಕು, ಅದು ಇರಲಿ. ಆದರೆ ನಿಮ್ಮ ಜೊತೆ ಕೂರುವ ಹೊತ್ತಿನಲ್ಲಿ ಹೊಸ ಪೇಪರ್ ಬೇಡ. ಸಾಲು ಸಾಲಾಗಿ ಪ್ರಶ್ನೆ ಬಿಡಿಸುತ್ತಾ ಹೋಗುವುದಕ್ಕೆ ಅಲ್ಲಿ 'ಷುವಾ ತೀ' ಅನ್ನುತ್ತಾರೆ. ಚೀನಾದ ಮಕ್ಕಳಿಗೆ ಅದರ ಕೊರತೆ ಎಂದೂ ಇಲ್ಲ. ಅವರಿಗೆ ಸಿಗದೇ ಇರುವುದು ಬೇರೆ. ತಪ್ಪಾದ ಒಂದು ಉತ್ತರದ ಪಕ್ಕ ಕೂತು 'ಇದು ಯಾಕೆ ತಪ್ಪಾಯಿತು?' ಎಂದು ನಿಧಾನವಾಗಿ ಕೇಳುವ ಒಬ್ಬರು ದೊಡ್ಡವರು. ನಲವತ್ತೈದು, ಐವತ್ತು ಮಕ್ಕಳ ತರಗತಿಯಲ್ಲಿ ಮೇಷ್ಟ್ರಿಗೆ ಅದು ಆಗದ ಕೆಲಸ. ನಿಮಗೆ ಆಗುತ್ತದೆ.

ಇನ್ನು ಪರೀಕ್ಷೆಯ ಸ್ವರೂಪ. ಇದು ನಿಮಗೆ ಸರಿಯಾಗಿ ಗೊತ್ತಿರಬೇಕು, ಯಾಕೆಂದರೆ ನಮ್ಮ ಪಿಯು ಅನುಭವ ಇಲ್ಲಿ ದಾರಿ ತಪ್ಪಿಸುತ್ತದೆ. ನಮ್ಮಲ್ಲಿ ಪಠ್ಯಪುಸ್ತಕದ ಪದ್ಯ, ಗದ್ಯಗಳ ಮೇಲೆ ಪ್ರಶ್ನೆ ಬರುತ್ತದೆ. ಪಾಠ ಓದಿಕೊಂಡವರು ಅಷ್ಟಾದರೂ ಬರೆಯುತ್ತಾರೆ. ಗಾವ್‌ಕಾವ್ ಇಂಗ್ಲಿಷ್‌ನಲ್ಲಿ ಪಠ್ಯಪುಸ್ತಕದ ಒಂದು ಪ್ಯಾಸೇಜೂ ಬರುವುದಿಲ್ಲ. ಕೇಳುವುದು, ಓದುವುದು, ಎಲ್ಲವೂ ಹೊಸದು. ಹಾಗಾಗಿ ಪಾಠ ಮಾಡಿ ಮುಗಿಸುವ ಕೆಲಸ ನಿಮಗಿಲ್ಲ.

ಜಿಯಾಂಗ್ಸು 2021ರಿಂದ ರಾಷ್ಟ್ರಮಟ್ಟದ ಹೊಸ ಮಾದರಿಯ ಒಂದನೇ ಪ್ರಶ್ನೆಪತ್ರಿಕೆಯನ್ನೇ ಬಳಸುತ್ತಿದೆ. ಒಟ್ಟು 150 ಅಂಕ, 120 ನಿಮಿಷ. ಲಿಸನಿಂಗ್‌ಗೆ 30: ಇಪ್ಪತ್ತು ಪ್ರಶ್ನೆ, ಒಂದಕ್ಕೆ ಒಂದೂವರೆ ಅಂಕ. ರೀಡಿಂಗ್‌ಗೆ 50: ನಾಲ್ಕು ಪ್ಯಾಸೇಜಿನ ಹದಿನೈದು ಪ್ರಶ್ನೆ, ಆಮೇಲೆ ಏಳು ವಾಕ್ಯದಲ್ಲಿ ಐದನ್ನು ಆರಿಸಿ ಖಾಲಿ ಜಾಗ ತುಂಬುವ ಭಾಗ. ಪ್ರತಿಯೊಂದಕ್ಕೂ ಎರಡೂವರೆ ಅಂಕ. ಉಳಿದ 70ರಲ್ಲಿ ಪದ ಮತ್ತು ವ್ಯಾಕರಣ ತುಂಬುವುದಕ್ಕೆ 30, ಬರವಣಿಗೆಗೆ 40. ನಿಮ್ಮ ಹುಡುಗಿ ಲಿಸನಿಂಗ್‌ನಲ್ಲಿ ಹನ್ನೊಂದು ಸರಿ, ಒಂಬತ್ತು ತಪ್ಪು ಮಾಡುತ್ತಿದ್ದಾಳೆ. ರೀಡಿಂಗ್‌ನಲ್ಲಿ ಹನ್ನೆರಡು ಸರಿ, ಎಂಟು ತಪ್ಪು. ನೀವು ಹುಡುಕಬೇಕಾದದ್ದು ಈ ಹದಿನೇಳು ತಪ್ಪುಗಳ ಮೂಲ, ಅಷ್ಟೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇಂಟರ್‌ನೆಟ್‌ನಲ್ಲಿ ಸಿಗುವ ಎಲ್ಲ ಸಾಮಗ್ರಿಯೂ ಅವಳಿಗೆ ಹೊಂದುವುದಿಲ್ಲ. ಬೀಜಿಂಗ್‌ನಲ್ಲಿ ಕೇಳುವ, ಮಾತಾಡುವ ಪರೀಕ್ಷೆ ಕಂಪ್ಯೂಟರಿನಲ್ಲಿ ಪ್ರತ್ಯೇಕವಾಗಿ ನಡೆಯುತ್ತದೆ, ಅದಕ್ಕೆ 50 ಅಂಕ. ಗುವಾಂಗ್‌ಡಾಂಗ್‌ನಲ್ಲೂ ಅದು ಬೇರೆ ಪರೀಕ್ಷೆ. ಶಾಂಘೈಗೆ ತನ್ನದೇ ಪ್ರಶ್ನೆಪತ್ರಿಕೆ. ಸುಜೌನ ಮಗುವಿಗೆ ಶಾಂಘೈ ಪೇಪರ್ ಕೊಟ್ಟು ಹೆದರಿಸಬೇಡಿ. 2021ರಿಂದೀಚೆಗಿನ ಒಂದನೇ ಪ್ರಶ್ನೆಪತ್ರಿಕೆಗಳು, ಅವುಗಳ ಆಡಿಯೋ ಮತ್ತು ಆಡಿಯೋದ ಬರಹರೂಪ ಕೈಯಲ್ಲಿದ್ದರೆ ಮೊದಲ ಮೂರು ತಿಂಗಳಿಗೆ ಬೇರೇನೂ ಬೇಡ.

ಮೊದಲ ಭಾನುವಾರ ಹೀಗೆ ಮಾಡಿ. ಒಂದು ಹಳೆಯ ಲಿಸನಿಂಗ್ ಪೇಪರನ್ನು ಪರೀಕ್ಷೆಯಲ್ಲಿ ಹೇಗೋ ಹಾಗೇ ಕೇಳಿಸಿ. ಉತ್ತರ ತಿದ್ದಬೇಡಿ, ಸರಿ ತಪ್ಪು ಹೇಳಬೇಡಿ. ಆಮೇಲೆ ಅದೇ ಸಂಭಾಷಣೆಗಳ ಬರಹರೂಪವನ್ನು ಅವಳ ಕೈಗೆ ಕೊಟ್ಟು, ಓದಿ ಅದೇ ಇಪ್ಪತ್ತು ಪ್ರಶ್ನೆಗೆ ಇನ್ನೊಂದು ಹಾಳೆಯಲ್ಲಿ ಉತ್ತರ ಬರೆಯಲು ಹೇಳಿ. ಈಗ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಓದಿದಾಗ ಸರಿ, ಕೇಳಿದಾಗ ತಪ್ಪು ಅಂತಿರುವ ಪ್ರಶ್ನೆಗಳು ಕಿವಿಯ ತಪ್ಪು. ಎರಡರಲ್ಲೂ ತಪ್ಪಾಗಿದ್ದರೆ ಪದ ಗೊತ್ತಿಲ್ಲ, ಇಲ್ಲವೇ ಮಾತಿನ ಇಂಗಿತ ತಿಳಿದಿಲ್ಲ. ಪದಪಟ್ಟಿ ಬಾಯಿಪಾಠ ಇರುವ ಮಕ್ಕಳಲ್ಲಿ ಮೊದಲನೇ ಗುಂಪೇ ದೊಡ್ಡದಾಗಿರುತ್ತದೆ. ಅವರು ಆ ಪದವನ್ನು ಸಾವಿರ ಸಲ ಕಣ್ಣಿಂದ ನೋಡಿದ್ದಾರೆ. ಮಾತಿನ ಓಟದಲ್ಲಿ ಅದು ಹೇಗೆ ಕೇಳಿಸುತ್ತದೆ ಅನ್ನುವುದು ಗೊತ್ತಿಲ್ಲ. ಅಂಥವರಿಗೆ ಇನ್ನೂ ಐನೂರು ಪದ ಬಾಯಿಪಾಠ ಮಾಡಿಸಿದರೆ ಒಂದು ಅಂಕವೂ ಏರುವುದಿಲ್ಲ.

ಅಲ್ಲಿನ ಮಕ್ಕಳೆಲ್ಲರ ಹತ್ತಿರ ತಪ್ಪಾದ ಪ್ರಶ್ನೆಗಳನ್ನು ಬರೆದಿಡುವ ಒಂದು ನೋಟ್‌ಬುಕ್ ಇರುತ್ತದೆ. ಸಾಮಾನ್ಯವಾಗಿ ಅದರಲ್ಲಿ ಪ್ರಶ್ನೆ ಮತ್ತು ಸರಿಯುತ್ತರ ಮಾತ್ರ ಇರುತ್ತದೆ. ಅದಕ್ಕೆ ಕಾರಣದ ಒಂದು ಸಾಲು ಸೇರಿಸಿ. ಮೂರೇ ಕಾರಣ ಸಾಕು: ಪದ ಗೊತ್ತಿರಲಿಲ್ಲ; ಗೊತ್ತಿತ್ತು, ಆದರೆ ಕೇಳಿಸಲಿಲ್ಲ; ಎಲ್ಲ ಕೇಳಿಸಿತು, ಆದರೂ ತಪ್ಪು ಆರಿಸಿದೆ. ಅವಳ ಭಾಷೆಯಲ್ಲೇ ಬರೆಯಲಿ. ನಾಲ್ಕು ವಾರದಲ್ಲಿ ಯಾವ ಕಾರಣ ಜಾಸ್ತಿ ಅನ್ನುವುದು ಅವಳಿಗೇ ಕಾಣುತ್ತದೆ.

ಇನ್ನು ಕಿವಿಯ ಕೆಲಸ. ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಅಂಕ ಬೇಗ ಏರುವುದು ಇಲ್ಲೇ.

ಚೀನಾದ ಮುಖ್ಯ ಭಾಷೆಯಾದ ಮ್ಯಾಂಡರಿನ್‌ನಲ್ಲಿ ಪದದ ಪ್ರತಿ ತುಂಡೂ (ಸಿಲಬಲ್) ಸ್ವರದಲ್ಲಿ ಮುಗಿಯುತ್ತದೆ, ಇಲ್ಲವೇ ಅನುನಾಸಿಕದಲ್ಲಿ. ಕೆಲವು ಕಡೆ ರಕಾರದಲ್ಲೂ ಮುಗಿಯುವುದುಂಟು. ಟ್, ಡ್, ಕ್, ಸ್ ಎಂದು ಕೊನೆಯಾಗುವ ಪದಗಳೇ ಅಲ್ಲಿಲ್ಲ. ಹಾಗಾಗಿ ಇಂಗ್ಲಿಷ್ ಪದದ ಬಾಲ ಅವರ ಕಿವಿಗೆ ಬೀಳುವುದು ಕಷ್ಟ. 'ವಾಕ್' ಮತ್ತು 'ವಾಕ್ಡ್' ಒಂದೇ ಥರ ಕೇಳಿಸುತ್ತವೆ. 'ಬುಕ್' ಮತ್ತು 'ಬುಕ್ಸ್' ಕೂಡ. ಇದರ ಮೇಲೆ ಇನ್ನೊಂದು. ಚೀನೀ ಭಾಷೆಯಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ, ಬಹುತೇಕ ನಾಮಪದಗಳಿಗೆ ಬಹುವಚನದ ಪ್ರತ್ಯಯವೂ ಇಲ್ಲ. ನಿನ್ನೆ, ನಾಳೆ ಅನ್ನುವ ಪದ ಸೇರಿಸಿದರೆ ಅಲ್ಲಿ ಕೆಲಸ ಮುಗಿಯಿತು. ಆದ್ದರಿಂದ ಆ ಬಾಲದಲ್ಲಿ ಅರ್ಥ ಅಡಗಿದೆ ಅನ್ನುವ ನಿರೀಕ್ಷೆಯೇ ಅವರ ಕಿವಿಗೆ ಇರುವುದಿಲ್ಲ. 'ಐ ವಾಸ್ ಗೋಯಿಂಗ್ ಟು ಕಾಲ್ ಹಿಮ್' ಅಂದಾಗ ನಮಗೆ 'ಮಾಡಬೇಕು ಅಂತಿದ್ದೆ, ಮಾಡಲಿಲ್ಲ' ಎಂದು ಹೊಳೆಯುತ್ತದೆ. ಆ ಹುಡುಗಿಗೆ 'ಗೋಯಿಂಗ್', 'ಕಾಲ್' ಮಾತ್ರ ಕೇಳಿಸುತ್ತದೆ. ಫೋನ್ ಮಾಡುತ್ತಾನೆ ಅಂತ ಉತ್ತರ ಆರಿಸುತ್ತಾಳೆ.

ಅವನು, ಅವಳು ಎರಡಕ್ಕೂ ಮಾತಿನಲ್ಲಿ 'ಥಾ' ಎಂದೇ ಅನ್ನುತ್ತಾರೆ. ಬರೆಯುವಾಗ ಮಾತ್ರ ಬೇರೆ ಬೇರೆ ಅಕ್ಷರ. ಕನ್ನಡದವರಿಗೆ ಈ ತೊಂದರೆ ಊಹೆಗೇ ಬರುವುದಿಲ್ಲ. ಮೂರನೇ ವ್ಯಕ್ತಿಯ ಬಗ್ಗೆ ಇಬ್ಬರು ಮಾತಾಡುವ ಸಂಭಾಷಣೆಯಲ್ಲಿ 'ಹಿ', 'ಶಿ' ತಪ್ಪಿಸಿಕೊಂಡರೆ ಯಾರು ಏನು ಮಾಡಿದರು ಅನ್ನುವುದೇ ಅದಲುಬದಲು ಆಗುತ್ತದೆ. ಅವಳು ಇಂಗ್ಲಿಷ್ ಮಾತಾಡುವಾಗ 'ಮೈ ಮದರ್, ಹಿ' ಅಂದರೆ ಆಶ್ಚರ್ಯ ಪಡಬೇಡಿ, ನಿಧಾನವಾಗಿ ತಿದ್ದಿ.

ಸಂಖ್ಯೆಗಳು ಇನ್ನೊಂದು ತೊಡಕು. 'ಫಿಫ್ಟೀನ್', 'ಫಿಫ್ಟಿ' ಗೊಂದಲ ಎಲ್ಲರಿಗೂ ಇದೆ. ಆದರೆ ದೊಡ್ಡ ಸಂಖ್ಯೆಯನ್ನು ಚೀನೀಯರು ಹತ್ತು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ. ಅದಕ್ಕೆ 'ವಾನ್' ಅನ್ನುತ್ತಾರೆ. ಹನ್ನೆರಡು ಸಾವಿರ ಅವರಿಗೆ 'ಒಂದು ವಾನ್, ಎರಡು ಸಾವಿರ'. 'ಟೂ ಹಂಡ್ರೆಡ್ ಥೌಸಂಡ್' ಅಂದಾಗ ನಾವು ಒಂದು ಕ್ಷಣ ನಿಂತು 'ಎರಡು ಲಕ್ಷ' ಅಂದುಕೊಳ್ಳುತ್ತೇವಲ್ಲ, ಅದೇ ಕ್ಷಣ ಅವರಿಗೂ ಬೇಕು. ಅಷ್ಟರಲ್ಲಿ ಮುಂದಿನ ವಾಕ್ಯ ಹೋಗಿರುತ್ತದೆ. ಪ್ರತಿ ಭಾನುವಾರ ಹತ್ತು ಸಂಖ್ಯೆ, ಐದು ಬೆಲೆ, ಐದು ಸಮಯ ಹೇಳಿ ಬರೆಸಿ. 'ಕ್ವಾರ್ಟರ್ ಟು ನೈನ್', 'ಹಾಫ್ ಪಾಸ್ಟ್ ಸಿಕ್ಸ್', ಇಂಥವು. ಸ್ವಲ್ಪ ಕೂಡಿಸಿ ಕಳೆಯುವ ಲೆಕ್ಕವೂ ಇರಲಿ. ಬಸ್ಸು ಎಂಟಕ್ಕೆ ಇತ್ತು, ಇಪ್ಪತ್ತು ನಿಮಿಷ ತಡ, ಈಗ ಎಷ್ಟಕ್ಕೆ ಹೊರಡುತ್ತದೆ ಅನ್ನುವ ಧಾಟಿಯ ಪ್ರಶ್ನೆ ಬರುತ್ತಿರುತ್ತದೆ.

'ಹೌದು', 'ಇಲ್ಲ' ವಿಷಯದಲ್ಲಿ ನೀವೂ ಅವಳೂ ಒಂದೇ ದೋಣಿಯಲ್ಲಿದ್ದೀರಿ. 'ನೀನು ಬರಲ್ವಾ?' ಅಂದರೆ ನಾವು 'ಹೂಂ, ಬರಲ್ಲ' ಅಂತೀವಿ. ಚೀನೀಯರೂ ಹಾಗೇ. ಇಂಗ್ಲಿಷ್‌ನಲ್ಲಿ ಬರದಿದ್ದರೆ 'ನೋ' ಎಂದೇ ಹೇಳಬೇಕು. 'ವುಡ್ ಯು ಮೈಂಡ್' ಎಂದು ಶುರುವಾದ ಪ್ರಶ್ನೆಗೆ 'ನಾಟ್ ಅಟ್ ಆಲ್' ಅಂದರೆ ಒಪ್ಪಿಗೆ. ಆದರೆ ಹುಡುಗಿಗೆ 'ನಾಟ್' ಕೇಳಿಸಿತು, ನಿರಾಕರಿಸಿದರು ಅಂದುಕೊಳ್ಳುತ್ತಾಳೆ. ಇಂಥ ಇಪ್ಪತ್ತು ಮೂವತ್ತು ಮಾತಿನ ತುಣುಕುಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ.

ಅಭ್ಯಾಸ ಹೇಗೆ? ದಿನಕ್ಕೆ ಹದಿನೈದು ನಿಮಿಷ, ಒಂದೇ ಒಂದು ಚಿಕ್ಕ ಸಂಭಾಷಣೆ. ಮೊದಲು ಪ್ರಶ್ನೆ ನೋಡದೆ ಕೇಳಲಿ. ಆಮೇಲೆ ಒಂದೊಂದೇ ವಾಕ್ಯ ನಿಲ್ಲಿಸಿ, ಕೇಳಿದ್ದನ್ನು ಕೇಳಿದ ಹಾಗೆ ಬರೆಯಲಿ. ಗೊತ್ತಾಗದ ಕಡೆ ಗೀಟು ಎಳೆದು ಮುಂದೆ ಹೋಗಲಿ. ಮೂರು ಸಲ ಕೇಳಿದ ಮೇಲೆ ಬರಹರೂಪ ತೆಗೆದು ಹೋಲಿಸಲಿ. ಗೀಟು ಬಿದ್ದ ಜಾಗಗಳೇ ಅವಳ ಪಾಠ. ಅಲ್ಲಿ ನೋಡಿದರೆ ಕಷ್ಟದ ಪದಗಳಿರುವುದಿಲ್ಲ. 'ಡಿಡ್ ಯು' ಅನ್ನುವುದು 'ಡಿಜು' ಆಗಿರುತ್ತದೆ. 'ನಾಟ್ ಅಟ್ ಆಲ್' ಅನ್ನುವುದು 'ನಾಟಟಾಲ್' ಆಗಿರುತ್ತದೆ. 'ಕ್ಯಾನ್' ಸಣ್ಣಗಾಗಿ 'ಕನ್' ಎಂದಾಗಿ ಕಾಣೆಯಾಗಿರುತ್ತದೆ, 'ಕಾಂಟ್' ಮಾತ್ರ ಒತ್ತಿ ಬರುತ್ತದೆ. ಕೊನೆಗೆ ಪೂರ್ತಿ ಸಂಭಾಷಣೆಯನ್ನು ಆಡಿಯೋ ಜೊತೆಜೊತೆಗೇ, ಅದೇ ಏರಿಳಿತದಲ್ಲಿ, ನಾಲ್ಕೈದು ಸಲ ಜೋರಾಗಿ ಹೇಳಲಿ. ಬಾಯಲ್ಲಿ ಒಮ್ಮೆ ಹಾಗೆ ಹೇಳಿದ್ದು ಮುಂದಿನ ಸಲ ಕಿವಿಗೆ ಸಿಗುತ್ತದೆ. ನಾನು ನೋಡಿದ ಮಟ್ಟಿಗೆ ಇದಕ್ಕಿಂತ ಒಳ್ಳೆ ದಾರಿ ಇನ್ನೊಂದಿಲ್ಲ. ಹಿನ್ನೆಲೆಯಲ್ಲಿ ಸುಮ್ನೆ ಇಂಗ್ಲಿಷ್ ಓಡಿಸಿಕೊಂಡು ಲೆಕ್ಕ ಬಿಡಿಸುವುದರಿಂದ ಕಿವಿ ಪಳಗುವುದಿಲ್ಲ.

ನಿಮ್ಮ ಉಚ್ಚಾರಣೆಯ ಬಗ್ಗೆ ಕೇಳಿದ್ದೀರಿ. ಚಿಂತೆ ಬೇಡ, ಆದರೆ ಒಂದು ಎಚ್ಚರ ಬೇಕು. ನಾವು ಕನ್ನಡದವರು ಇಂಗ್ಲಿಷ್‌ನ ಪ್ರತಿ ಅಕ್ಷರಕ್ಕೂ ಸಮನಾದ ತೂಕ ಕೊಟ್ಟು ಮಾತಾಡುತ್ತೇವೆ. ಚೀನೀ ಮಕ್ಕಳೂ ಹಾಗೇ. ಅದಕ್ಕೇ ನಿಮ್ಮ ಮಾತು ಅವಳಿಗೆ ಚೆನ್ನಾಗಿ ಅರ್ಥವಾಗುತ್ತದೆ. ಪರೀಕ್ಷೆಯ ಧ್ವನಿ ಬ್ರಿಟನ್ ಅಥವಾ ಅಮೆರಿಕದ ಧಾಟಿಯದು, ಅಲ್ಲಿ ಒತ್ತು ಬಿದ್ದ ಅಕ್ಷರ ಎದ್ದು ಕಾಣುತ್ತದೆ, ಮಿಕ್ಕವು ಕರಗಿಹೋಗುತ್ತವೆ. ಹಾಗಾಗಿ ವಿವರಣೆ ನಿಮ್ಮ ಮಾತಿನಲ್ಲೇ ಇರಲಿ, ಧೈರ್ಯವಾಗಿ ಮಾತಾಡಿ. ಕೇಳುವ ಅಭ್ಯಾಸಕ್ಕೆ ಮಾತ್ರ ನೀವು ಓದಿ ಹೇಳಬೇಡಿ, ಆಡಿಯೋವನ್ನೇ ಹಾಕಿ.

ಲಿಸನಿಂಗ್‌ನ ಒಳಗಿನ ಸಮಯವನ್ನು ಅವಳು ಬೆರಳ ತುದಿಯಲ್ಲಿ ಇಟ್ಟುಕೊಳ್ಳಬೇಕು. ಮೊದಲ ಐದು ಚಿಕ್ಕ ಸಂಭಾಷಣೆಗಳನ್ನು ಒಂದೇ ಸಲ ಕೇಳಿಸುತ್ತಾರೆ. ಪ್ರತಿಯೊಂದರ ನಂತರ ಹತ್ತು ಸೆಕೆಂಡು. ಅಷ್ಟರಲ್ಲಿ ಉತ್ತರ ಗುರುತಿಸಿ, ಮುಂದಿನ ಪ್ರಶ್ನೆಯನ್ನೂ ಓದಬೇಕು. ಆಮೇಲಿನ ಐದು ಉದ್ದನೆಯವು, ಅವನ್ನು ಎರಡು ಸಲ ಕೇಳಿಸುತ್ತಾರೆ. ಕೇಳಿಸುವ ಮುಂಚೆ ಪ್ರಶ್ನೆಗೆ ಐದು ಸೆಕೆಂಡಿನಂತೆ ಓದಲು ಸಮಯ ಕೊಡುತ್ತಾರೆ, ಆದ ಮೇಲೆ ಉತ್ತರಿಸಲು ಮತ್ತೆ ಐದೈದು ಸೆಕೆಂಡು. ಕೊನೆಗೆ ಉತ್ತರಗಳನ್ನು ಉತ್ತರಪತ್ರಿಕೆಗೆ ಇಳಿಸಲು ಎರಡು ನಿಮಿಷ. ಆರಂಭದಲ್ಲಿ ಒಂದು ಮಾದರಿ ಪ್ರಶ್ನೆ ಬರುತ್ತದೆ: ಅಂಗಿಯ ಬೆಲೆ ಎಷ್ಟು, ಉತ್ತರ ಒಂಬತ್ತು ಪೌಂಡ್ ಹದಿನೈದು. ಚೀನಾದಲ್ಲಿ ಅದನ್ನು ಬಾಯಿಪಾಠ ಹೇಳದ ಮಗುವೇ ಇಲ್ಲ. ಅದು ಓಡುತ್ತಿರುವಾಗ ಅವಳು ಕೇಳುತ್ತಾ ಕೂರಬೇಕಾಗಿಲ್ಲ, ಮೊದಲ ಐದು ಪ್ರಶ್ನೆಗಳನ್ನು ಓದಿ ಮುಗಿಸಬಹುದು.

ಪ್ರಶ್ನೆ ಓದುವುದು ಅಂದರೆ ಮೂರು ಆಪ್ಷನ್‌ಗಳ ನಡುವಿನ ವ್ಯತ್ಯಾಸ ನೋಡುವುದು. ಮೂರೂ ಜಾಗಗಳ ಹೆಸರಾದರೆ ಸಂಭಾಷಣೆ ಎಲ್ಲಿ ನಡೆಯುತ್ತಿದೆ ಅನ್ನುವ ಸುಳಿವಿಗೆ ಕಿವಿ ಕೊಡಬೇಕು. ಮೂರೂ ಕೆಲಸಗಳಾದರೆ ಯಾರು ಏನು ಮಾಡುತ್ತಾರೆ ಅನ್ನುವುದಕ್ಕೆ. ಆಡಿಯೋದಲ್ಲಿ ಕೇಳಿದ ಪದವೇ ಆಪ್ಷನ್‌ನಲ್ಲಿ ಕಂಡರೆ ಅನುಮಾನ ಪಡಲು ಕಲಿಸಿ. ಹೆಂಗಸು 'ಬಸ್ಸಿನಲ್ಲಿ ಹೋಗೋಣವೇ?' ಅಂತ ಕೇಳುತ್ತಾಳೆ. ಗಂಡಸು 'ಹೋಗಬಹುದಿತ್ತು, ಆದರೆ ನಡೆದರೆ ಹತ್ತೇ ನಿಮಿಷ' ಅನ್ನುತ್ತಾನೆ. 'ಬಸ್' ಪದ ಜೋರಾಗಿ ಕೇಳಿಸಿತು, ಉತ್ತರ ಮಾತ್ರ 'ಆನ್ ಫೂಟ್'. ಆ ಎರಡು ಪದ ಆಡಿಯೋದಲ್ಲಿ ಬರಲೇ ಇಲ್ಲ. 'ಬಟ್' ನಂತರ ಬರುವ ಮಾತಿಗೇ ಬೆಲೆ ಜಾಸ್ತಿ ಅನ್ನುವುದು ಅವಳಿಗೆ ಅಭ್ಯಾಸವಾಗಬೇಕು.

ಇನ್ನೊಂದು ದೊಡ್ಡ ನಷ್ಟ ಇದೆ. ಒಂದು ಪ್ರಶ್ನೆ ತಪ್ಪಿಸಿಕೊಂಡರೆ ಮಗು ಅದನ್ನೇ ಯೋಚಿಸುತ್ತಾ ಮುಂದಿನ ಎರಡನ್ನೂ ಕಳೆದುಕೊಳ್ಳುತ್ತದೆ. ಒಂದೂವರೆ ಅಂಕ ಹೋಗುವ ಕಡೆ ನಾಲ್ಕೂವರೆ ಹೋಗುತ್ತದೆ. ತಪ್ಪಿಸಿಕೊಂಡ ಕೂಡಲೇ ಏನೋ ಒಂದನ್ನು ಗುರುತಿಸಿ ಕಣ್ಣನ್ನು ಮುಂದಿನ ಪ್ರಶ್ನೆಗೆ ಒಯ್ಯುವುದನ್ನು ಬೇಕೆಂದೇ ರೂಢಿ ಮಾಡಿಸಿ. ಅಭ್ಯಾಸದ ನಡುವೆ ನೀವೇ ಒಂದು ಸಲ ಕೆಮ್ಮಿ, ಕುರ್ಚಿ ಎಳೆದು ಸದ್ದು ಮಾಡಿ. ಪರೀಕ್ಷೆಯ ದಿನ ಹೊರಗಿನ ಸದ್ದು ತಗ್ಗಿಸಲು ಊರಿನವರು ಬಹಳ ಕಾಳಜಿ ವಹಿಸುತ್ತಾರೆ, ಹತ್ತಿರದ ಕಟ್ಟಡ ಕೆಲಸಗಳನ್ನೂ ನಿಲ್ಲಿಸುತ್ತಾರೆ. ಆದರೆ ಪಕ್ಕದ ಬೆಂಚಿನವರ ಕೆಮ್ಮನ್ನು ಯಾರೂ ನಿಲ್ಲಿಸಲಾರರು.

ರೀಡಿಂಗ್‌ಗೆ ಬರೋಣ. ಇಲ್ಲಿ ನೀವು ಕನ್ನಡದವರಾಗಿರುವುದೇ ಒಂದು ಅನುಕೂಲ.

ಕೊನೆಯ ಎರಡು ಪ್ಯಾಸೇಜ್‌ಗಳಲ್ಲಿ ಅವಳ ಅಂಕ ಹೆಚ್ಚಾಗಿ ಹೋಗುತ್ತಿರಬಹುದು. ಅವು ಸಾಮಾನ್ಯವಾಗಿ ವಿದೇಶಿ ಪತ್ರಿಕೆಗಳ ಬರಹಗಳನ್ನು ತಿದ್ದಿ ಚಿಕ್ಕದು ಮಾಡಿದವು. ವಿಜ್ಞಾನ, ಪರಿಸರ, ಸಮಾಜದ ವಿಷಯ ಇರುತ್ತದೆ. ವಾಕ್ಯಗಳು ಉದ್ದ. ಇಂಗ್ಲಿಷ್‌ನಲ್ಲಿ ಒಬ್ಬ ವ್ಯಕ್ತಿಯ ಬಗ್ಗೆ ವಿವರ ಹೇಳಬೇಕಾದರೆ ಅದು ಆ ಪದದ ನಂತರ ಸಾಲಾಗಿ ಬರುತ್ತದೆ. 'ದ ಮ್ಯಾನ್ ಹೂ ರಿಪೇರ್ಡ್ ದ ಕ್ಲಾಕ್ ದಟ್ ಮೈ ಗ್ರ್ಯಾಂಡ್‌ಫಾದರ್ ಬಾಟ್ ಇನ್ ನಾನ್‌ಜಿಂಗ್ ಲಿವ್ಸ್ ಅಪ್‌ಸ್ಟೇರ್ಸ್.' ಕನ್ನಡದಲ್ಲಿ ಇದನ್ನು ಹೇಗೆ ಹೇಳುತ್ತೇವೆ? 'ನಮ್ಮ ತಾತ ನಾನ್‌ಜಿಂಗ್‌ನಲ್ಲಿ ಕೊಂಡ ಗಡಿಯಾರ ರಿಪೇರಿ ಮಾಡಿದ ಮನುಷ್ಯ ಮಹಡಿ ಮೇಲಿದ್ದಾನೆ.' ವಿವರವೆಲ್ಲ ಮೊದಲು, ಮನುಷ್ಯ ಆಮೇಲೆ. ಚೀನೀ ಭಾಷೆಯಲ್ಲೂ ವಿವರ ಮೊದಲು, ಮನುಷ್ಯ ಆಮೇಲೆ! ಹಾಗಾಗಿ ಆ ಹುಡುಗಿ ಎಡವುವ ಜಾಗ ನಿಮಗೆ ಒಳಗಿನಿಂದ ಗೊತ್ತು. ಇಂಗ್ಲಿಷನ್ನೇ ತಾಯಿಭಾಷೆಯಾಗಿ ಆಡುವ ಮೇಷ್ಟ್ರಿಗೆ ಈ ಕಷ್ಟ ಕಾಣಿಸುವುದೇ ಇಲ್ಲ.

ಅವಳಿಗೆ ಕಲಿಸಬೇಕಾದ ಕೆಲಸ ಇಷ್ಟು. ಮೊದಲು ವಾಕ್ಯದ ಮುಖ್ಯ ಕ್ರಿಯಾಪದಕ್ಕೆ ಸುತ್ತು ಹಾಕಲಿ. ಮೇಲಿನ ವಾಕ್ಯದಲ್ಲಿ ಅದು 'ಲಿವ್ಸ್'. ಆಮೇಲೆ 'ಹೂ', 'ದಟ್', 'ವಿಚ್' ಇಂದ ಶುರುವಾಗುವ ತುಂಡುಗಳನ್ನು ಪೆನ್ಸಿಲಿನಲ್ಲಿ ಕಂಸದೊಳಗೆ ಹಾಕಲಿ. ಉಳಿಯುವುದು 'ಆ ಮನುಷ್ಯ ಮಹಡಿ ಮೇಲಿದ್ದಾನೆ' ಅಷ್ಟೇ. ಭಾನುವಾರಕ್ಕೆ ಇಂಥ ಐದು ವಾಕ್ಯ ಬಿಡಿಸಿದರೆ ಸಾಕು. ವಾಕ್ಯಗಳನ್ನು ಅವಳು ಅದೇ ವಾರ ತಪ್ಪು ಮಾಡಿದ ಪ್ಯಾಸೇಜಿನಿಂದಲೇ ಆರಿಸಿ. ಎರಡು ತಿಂಗಳಲ್ಲಿ ಪೆನ್ಸಿಲ್ ಬೇಡವಾಗುತ್ತದೆ.

ಪದಗಳ ವಿಷಯ. ಅಲ್ಲಿ ಎಲ್ಲರ ಬಾಯಲ್ಲೂ '3500 ಪದಗಳು' ಎಂಬ ಮಾತಿದೆ. ಆ ಪಟ್ಟಿಯನ್ನು ಮಕ್ಕಳು ಒಂದು ಇಂಗ್ಲಿಷ್ ಪದ, ಒಂದು ಚೀನೀ ಅರ್ಥ ಅಂತ ಓದುತ್ತಾರೆ. ಪ್ರಶ್ನೆಪತ್ರಿಕೆ ಮಾಡುವವರಿಗೆ ಇದು ಗೊತ್ತು. 'ಅಡ್ರೆಸ್' ಅಂದರೆ ವಿಳಾಸ ಎಂದು ಓದಿಕೊಂಡಿರುತ್ತಾಳೆ, ಪ್ಯಾಸೇಜಿನಲ್ಲಿ ಅದು ಸಮಸ್ಯೆಯನ್ನು ಕೈಗೆತ್ತಿಕೊಳ್ಳುವುದು ಎಂಬ ಅರ್ಥದಲ್ಲಿ ಬರುತ್ತದೆ. 'ಕವರ್' ಸುದ್ದಿ ವರದಿ ಮಾಡುವುದೂ ಹೌದು, ದೂರ ಕ್ರಮಿಸುವುದೂ ಹೌದು. 'ಫೈನ್' ದಂಡವೂ ಹೌದು. ಹೊಸ ಪದ ಸೇರಿಸುವುದಕ್ಕಿಂತ ಇಂಥ ಹಳೆ ಪದಗಳ ಎರಡನೇ, ಮೂರನೇ ಅರ್ಥ ಬರೆದಿಡುವುದರಿಂದ ಅವಳಿಗೆ ಹೆಚ್ಚು ಲಾಭ. ಪದವನ್ನು ಒಂಟಿಯಾಗಿ ಬರೆಯಬಾರದು, ಬಂದ ವಾಕ್ಯದ ಜೊತೆಗೇ ಬರೆಯಬೇಕು.

ಪ್ರಶ್ನೆಗಳನ್ನು ಬಿಡಿಸುವಾಗ ಒಂದೇ ಕಟ್ಟುನಿಟ್ಟು ಇಟ್ಟುಕೊಳ್ಳಿ. ಉತ್ತರ ಹೇಳುವ ಮುಂಚೆ ಅವಳು ಪ್ಯಾಸೇಜಿನಲ್ಲಿ ಅದಕ್ಕೆ ಆಧಾರವಾದ ಸಾಲಿನ ಮೇಲೆ ಬೆರಳಿಡಬೇಕು. ಬೆರಳಿಡಲು ಜಾಗ ಇಲ್ಲದಿದ್ದರೆ ಆ ಉತ್ತರ ಅವಳ ತಲೆಯಿಂದ ಬಂದದ್ದು. ಬುದ್ಧಿವಂತ ಮಕ್ಕಳು ಇಲ್ಲೇ ಸೋಲುತ್ತಾರೆ. ಆಪ್ಷನ್‌ನಲ್ಲಿ ಹೇಳಿದ್ದು ಲೋಕದಲ್ಲಿ ನಿಜ, ಅವಳಿಗೂ ಗೊತ್ತಿದೆ, ಆದರೆ ಲೇಖಕರು ಹೇಳಿಲ್ಲ. ಪ್ಯಾಸೇಜಿನ ಪದಗಳನ್ನೇ ತೆಗೆದು ಅರ್ಥ ತಿರುಚಿದ ಆಪ್ಷನ್‌ಗಳೂ ಇರುತ್ತವೆ. 'ಆಲ್ವೇಸ್', 'ಓನ್ಲಿ' ಸೇರಿಸಿ ಮಾತನ್ನು ಬಿಗಿ ಮಾಡಿದವೂ ಇರುತ್ತವೆ. ತಪ್ಪಾದ ಪ್ರತಿ ಆಪ್ಷನ್ ಯಾಕೆ ತಪ್ಪು ಅಂತ ಅವಳೇ ನಿಮಗೆ ವಿವರಿಸಲಿ, ನೀವು ಸುಮ್ಮನೆ ಕೇಳಿ. ಅವಳ ವಿವರಣೆ ಎಲ್ಲಿ ತಡವರಿಸುತ್ತದೋ ಅಲ್ಲಿ ನಿಮ್ಮ ಪಾಠ ಶುರು.

ಮೊದಲ ಪ್ಯಾಸೇಜ್ ಜಾಹೀರಾತು, ಕಾರ್ಯಕ್ರಮದ ಮಾಹಿತಿ ಥರದ್ದು. ಅದಕ್ಕೆ ಪ್ರಶ್ನೆ ಮೊದಲು ಓದಿ ಹುಡುಕಿದರೆ ಆಯಿತು. ಎರಡನೆಯದು ಹೆಚ್ಚಾಗಿ ಒಬ್ಬರ ಕತೆ ಅಥವಾ ಅನುಭವ, ಅದರಲ್ಲಿ ಅವಳಿಗೆ ಅಂಥ ತೊಂದರೆ ಇರಲಾರದು. ಏಳರಲ್ಲಿ ಐದು ಆರಿಸುವ ಭಾಗಕ್ಕೆ ಖಾಲಿ ಜಾಗದ ಹಿಂದಿನ ಮತ್ತು ಮುಂದಿನ ವಾಕ್ಯವೇ ದಾರಿ. ಮುಂದಿನ ವಾಕ್ಯ 'ದೀಸ್' ಎಂದು ಶುರುವಾದರೆ ಖಾಲಿ ಜಾಗದಲ್ಲಿ ಒಂದಕ್ಕಿಂತ ಹೆಚ್ಚು ಸಂಗತಿ ಬಂದಿರಲೇಬೇಕು. ಪ್ಯಾರಾದ ತಲೆಯಲ್ಲಿ ಖಾಲಿ ಬಿಟ್ಟಿದ್ದರೆ ಇಡೀ ಪ್ಯಾರಾವನ್ನು ಹೊರುವ ವಾಕ್ಯ ಬೇಕು. ಇದನ್ನು ನಾಲ್ಕು ಸಲ ಒಟ್ಟಿಗೆ ಕೂತು ಮಾಡಿದರೆ ಅವಳಿಗೆ ಹಿಡಿತ ಸಿಗುತ್ತದೆ.

ಸಮಯದ ಬಗ್ಗೆ ನನ್ನ ಸಲಹೆ ಹೀಗಿದೆ. ಲಿಸನಿಂಗ್‌ಗೆ ಇಪ್ಪತ್ತು ನಿಮಿಷ ತಾನಾಗಿ ಹೋಗುತ್ತದೆ. ರೀಡಿಂಗ್ ಪೂರ್ತಿ ನಲವತ್ತು ನಿಮಿಷದೊಳಗೆ ಮುಗಿಯಬೇಕು. ಪದ ಮತ್ತು ವ್ಯಾಕರಣಕ್ಕೆ ಇಪ್ಪತ್ತು, ಉಳಿದ ನಲವತ್ತು ಬರವಣಿಗೆಗೆ. ಬರವಣಿಗೆಯಲ್ಲಿ 25 ಅಂಕದ ದೊಡ್ಡ ಪ್ರಶ್ನೆ ಅಂದರೆ ಅರ್ಧ ಕತೆ ಓದಿ ಮುಂದುವರಿಸುವುದು. ಅಲ್ಲೂ ಓದು ಸರಿಯಾಗಿರಬೇಕು. ಆದರೆ ಈ ಸಮಯದ ಓಟವನ್ನು ಈಗಲೇ ಹೇರಬೇಡಿ. ಮೊದಲ ಎರಡು ತಿಂಗಳು ಗಡಿಯಾರ ಬೇಡ. ಸರಿಯಾಗಿ ಓದಲು ಬಾರದ ಮಗುವಿಗೆ ಬೇಗ ಓದು ಅಂದರೆ ತಪ್ಪುಗಳು ಬೇಗ ಆಗುತ್ತವೆ, ಅಷ್ಟೇ.

ಪರೀಕ್ಷೆಯಲ್ಲದ ಓದೂ ಸ್ವಲ್ಪ ಇರಲಿ. ದಿನಾ ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ, ಅವಳ ಮಟ್ಟಕ್ಕಿಂತ ಸ್ವಲ್ಪ ಸುಲಭವಾದ ಇಂಗ್ಲಿಷ್ ಕತೆಪುಸ್ತಕ. ಅಥವಾ ಚೈನಾ ಡೈಲಿ ಬಳಗದವರು ವಿದ್ಯಾರ್ಥಿಗಳಿಗಾಗಿ ತರುವ 'ಟ್ವೆಂಟಿ ಫಸ್ಟ್ ಸೆಂಚುರಿ' ಪತ್ರಿಕೆ. ನಿಘಂಟು ಬೇಡ, ಪ್ರಶ್ನೆ ಬೇಡ. ಆ ಮಕ್ಕಳ ದಿನಚರಿ ನಿಮಗೆ ಗೊತ್ತೇ ಇದೆ. ಬೆಳಗ್ಗೆ ಏಳರ ಸುಮಾರಿಗೆ ಶುರುವಾದರೆ ಸಂಜೆಯ ಓದಿನ ತರಗತಿ ಮುಗಿಯುವುದು ರಾತ್ರಿ ಒಂಬತ್ತೋ ಹತ್ತೋ. ಅನೇಕ ಶಾಲೆಗಳಲ್ಲಿ ಮೊಬೈಲ್ ಒಳಗೆ ಬಿಡುವುದಿಲ್ಲ, ಹಾಗಾಗಿ ಆಡಿಯೋಗೆ ಒಂದು ಚಿಕ್ಕ ಎಂಪಿತ್ರೀ ಪ್ಲೇಯರ್ ಇದ್ದರೆ ಅನುಕೂಲ. ನಿಮ್ಮ ಭಾನುವಾರದ ಪಾಠ ಒಂದೂವರೆ ಗಂಟೆ ದಾಟದಿರಲಿ. ಅವಳಿಗೆ ನಿದ್ದೆ ಸಾಲದಿದ್ದರೆ ಅವತ್ತು ಪಾಠವೇ ಬೇಡ. ಕಣ್ಣು ಎಳೆಯುತ್ತಿರುವ ಮಗುವಿಗೆ ಲಿಸನಿಂಗ್ ಹಾಕುವುದು ಅನ್ಯಾಯ.

ಮೂರನೇ ವರ್ಷಕ್ಕೆ ಕಾಲಿಟ್ಟ ಮೇಲೆ ಪಾಠದ ಹೊತ್ತನ್ನು ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಇಟ್ಟುಕೊಳ್ಳಿ. ಗಾವ್‌ಕಾವ್‌ನಲ್ಲಿ ಇಂಗ್ಲಿಷ್ ಇರುವುದು ಜೂನ್ 8ರ ಮಧ್ಯಾಹ್ನ 3ರಿಂದ 5ರವರೆಗೆ. ಹಿಂದಿನ ದಿನ ಚೀನೀ ಭಾಷೆ, ಗಣಿತ ಮುಗಿದಿರುತ್ತದೆ. ಅವತ್ತು ಬೆಳಗ್ಗೆ ಭೌತಶಾಸ್ತ್ರವೋ ಇತಿಹಾಸವೋ ಬರೆದು ಬಂದಿರುತ್ತಾಳೆ. ಊಟವಾಗಿದೆ, ಜೂನ್ ತಿಂಗಳ ಸೆಕೆ, ದಣಿವು. ಆ ಹೊತ್ತಿನಲ್ಲಿ ಕೂತ ಕೂಡಲೇ ಮೊದಲು ಬರುವುದು ಲಿಸನಿಂಗ್. ಆ ಹೊತ್ತಿಗೆ ಕಿವಿ ಚುರುಕಾಗಿರುವುದು ಅಭ್ಯಾಸದಿಂದ ಬರುವ ಗುಣ. ಇನ್ನೊಂದು ಮುಖ್ಯ ವಿಷಯ, ಇದನ್ನು ಅವಳ ತಾಯಿಗೂ ನೆನಪಿಸಿ: ಬೇರೆ ವಿಷಯಗಳಿಗೆ ಸ್ವಲ್ಪ ತಡವಾದರೂ ಒಳಗೆ ಬಿಡುತ್ತಾರೆ, ಇಂಗ್ಲಿಷ್‌ಗೆ ಮಾತ್ರ 2.45 ದಾಟಿದರೆ ಬಿಡುವುದಿಲ್ಲ.

ಮೂರನೇ ವರ್ಷದ ವಸಂತದಲ್ಲಿ ನಗರ ಮಟ್ಟದ ಅಣಕು ಪರೀಕ್ಷೆಗಳು ನಡೆಯುತ್ತವೆ. ಅಂಕ ಏರಿತಾ, ಇಳಿಯಿತಾ ಅಂತ ಇಡೀ ಮನೆ ಅಲ್ಲಾಡುತ್ತದೆ. ನೀವು ಆ ಅಂಕ ನೋಡಬೇಡಿ. ಕಾರಣದ ನೋಟ್‌ಬುಕ್ ನೋಡಿ. 'ಗೊತ್ತಿತ್ತು, ಕೇಳಿಸಲಿಲ್ಲ' ಅನ್ನುವ ಸಾಲುಗಳು ಕಡಿಮೆಯಾಗುತ್ತಿದ್ದರೆ ದಾರಿ ಸರಿಯಿದೆ. ಒಂದು ಪೇಪರ್ ಕಷ್ಟವಿದ್ದು ಅಂಕ ಇಳಿದಿರಬಹುದು, ಅದಕ್ಕೆ ಪದ್ಧತಿ ಬದಲಿಸಬೇಡಿ. ತಾಯಿಗೂ ಆ ನೋಟ್‌ಬುಕ್ ತೋರಿಸಿ. ಇಂಗ್ಲಿಷ್ ಬಾರದಿದ್ದರೂ ಮಗಳ ಕೈಬರಹದ ಚೀನೀ ಸಾಲುಗಳನ್ನು ಅವರು ಓದಬಲ್ಲರು.

ಫೀಸಿನ ವಿಷಯ. ತಗೋಬೇಡಿ. ಗಂಡನ ಜೊತೆ ಕುಟುಂಬದವರಾಗಿ ಬಂದವರ ವಾಸದ ಪರವಾನಗಿಯಲ್ಲಿ ಕೆಲಸ ಮಾಡಲು ಅನುಮತಿ ಇಲ್ಲ. ದುಡ್ಡು ತೆಗೆದುಕೊಂಡು ಪಾಠ ಮಾಡಿದರೆ ಅದು ಕೆಲಸವೆಂದೇ ಲೆಕ್ಕ. ಅದರಿಂದ ನಿಮಗೂ, ನಿಮ್ಮ ಯಜಮಾನರಿಗೂ ತೊಂದರೆ ಬರಬಹುದು. ಅವಳ ತಾಯಿಗೆ ಇದನ್ನು ನೇರವಾಗಿ ಹೇಳಿ, ಬೇಸರ ಮಾಡಿಕೊಳ್ಳುವುದಿಲ್ಲ. ಕೊಡಲೇಬೇಕು ಅಂತ ಅವರಿಗೆ ಅನ್ನಿಸಿದರೆ, ನಿಮಗೆ ಚೀನೀ ಮಾತಾಡುವುದನ್ನು ಕಲಿಸಲಿ. ವಾರಕ್ಕೆ ಅರ್ಧ ಗಂಟೆ. ಅವರ ಮಾತಿನ ಓಟದಲ್ಲಿ ಗೊತ್ತಿರುವ ಪದವೂ ಕೇಳಿಸದೇ ಹೋಗುವುದು ಹೇಗಿರುತ್ತದೆ ಅಂತ ನಿಮಗೂ ತಿಳಿಯುತ್ತದೆ, ಆ ಹುಡುಗಿಗೆ ಪಾಠ ಮಾಡುವಾಗ ಅದು ಬಹಳ ಉಪಯೋಗಕ್ಕೆ ಬರುತ್ತದೆ.